ಹೊಂಡದ ಲೆಕ್ಕ, ಆಲಮಟ್ಟಿಯ ಎತ್ತರ

ಆಲಮಟ್ಟಿ ಜಲಾಶಯದಲ್ಲಿ ನೀರು ಸಮುದ್ರ ಮಟ್ಟದಿಂದ 519.6 ಮೀಟರ್‌ವರೆಗೆ ನಿಲ್ಲಬೇಕೋ, 524.256 ಮೀಟರ್‌ವರೆಗೆ ನಿಲ್ಲಬೇಕೋ? ಕೃಷ್ಣಾ ಕಣಿವೆಯ ರಾಜ್ಯಗಳು ನ್ಯಾಯಮಂಡಳಿಯ ಎದುರು, ಸುಪ್ರೀಂ ಕೋರ್ಟಿನ ಎದುರು ವರ್ಷಗಟ್ಟಲೆ ವಾದಿಸಿದ್ದು ಈ ಎರಡು ಅಂಕಿಗಳ ನಡುವಿನ ಅಂತರಕ್ಕಾಗಿ. ಆ ಅಂತರ 4.656 ಮೀಟರ್. ಅಂದರೆ ಹದಿನೈದು ಅಡಿಗಿಂತ ತುಸು ಹೆಚ್ಚು, ಮೂರಾಳು ಎತ್ತರಕ್ಕಿಂತ ಕಡಿಮೆ. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ ಈ ಮೂರಾಳು ಎತ್ತರಕ್ಕೆ ಇಷ್ಟೊಂದು ಬೆಲೆ ಏಕೆ?

ಉತ್ತರ ರಾಜಕೀಯದಲ್ಲಿಯೂ ಇದೆ, ಕಾನೂನಿನಲ್ಲಿಯೂ ಇದೆ. ಆದರೆ ಇವೆರಡರ ಅಡಿಯಲ್ಲಿ ಒಂದು ಗಣಿತ ಇದೆ. ಎತ್ತರ ಸ್ವಲ್ಪ ಏರಿದರೆ ನೀರು ಎಷ್ಟು ಏರುತ್ತದೆ, ಭೂಮಿ ಎಷ್ಟು ಮುಳುಗುತ್ತದೆ ಎಂಬ ಪ್ರಶ್ನೆ ಅದು. ಒಂದು ಪರಿಮಾಣ ಬದಲಾದಂತೆ ಅದನ್ನೇ ಅವಲಂಬಿಸಿದ ಇನ್ನೊಂದು ಪರಿಮಾಣ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಸುವ ನಿಯಮಕ್ಕೆ ಗಣಿತದಲ್ಲಿ ‘ಫಲನ’ ಎನ್ನುತ್ತಾರೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಮೂಲ ತೆಗೆಯುವುದು, ಇಷ್ಟರಿಂದಲೇ ಬರೆಯಬಹುದಾದ ಫಲನಗಳು ಬೀಜಗಣಿತದ ಫಲನಗಳು. ಶಾಲೆಯಲ್ಲಿ ಇವುಗಳ ಹೆಸರು ಕೇಳಿ ಬೆವರದವರು ವಿರಳ. ಆದರೆ ಇವು ಪಠ್ಯಪುಸ್ತಕದಲ್ಲಿ ಹುಟ್ಟಿದವಲ್ಲ. ಪೇಟೆಯಲ್ಲಿ, ಹೊಲದಲ್ಲಿ, ಕೆರೆ ಅಗೆಯುವ ಜಾಗದಲ್ಲಿ ಹುಟ್ಟಿದವು. ಅವುಗಳ ಇತಿಹಾಸದ ಒಂದು ಮುಖ್ಯ ಅಧ್ಯಾಯ ಕನ್ನಡ ನಾಡಿನಲ್ಲಿಯೇ ಬರೆಯಲ್ಪಟ್ಟಿದೆ.

ಮಳಖೇಡದ ಗಣಿತ

ಕ್ರಿ.ಶ. 850ರ ಸುಮಾರಿಗೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಗ್ರಂಥದ ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿ ಇದೆ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ಅರಸನ ಆಸ್ಥಾನದಲ್ಲಿ. ಅದಕ್ಕೂ ಹಿಂದಿನ ನಮ್ಮ ಗಣಿತ ಬಹುಮಟ್ಟಿಗೆ ಖಗೋಳ ಗ್ರಂಥಗಳ ಒಳಗೆ ಒಂದೆರಡು ಅಧ್ಯಾಯಗಳಾಗಿ ಸೇರಿಕೊಂಡಿರುತ್ತಿತ್ತು. ಮಹಾವೀರ ಗ್ರಹಗತಿಯನ್ನು ಬದಿಗಿಟ್ಟು ಇಡೀ ಪುಸ್ತಕವನ್ನು ಗಣಿತಕ್ಕೇ ಮೀಸಲಿಟ್ಟ. ಮದ್ರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಮೂಲದ ಜೊತೆ ಇಂಗ್ಲಿಷ್ ಅನುವಾದ ಪ್ರಕಟಿಸಿದ ಮೇಲೆ ಜಗತ್ತಿನ ಗಣಿತ ಇತಿಹಾಸಕಾರರ ಗಮನ ಇದರತ್ತ ಹರಿಯಿತು. 2000ರಲ್ಲಿ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು.

ಹನ್ನೆರಡನೆಯ ಶತಮಾನಕ್ಕೆ ಬರುವ ಹೊತ್ತಿಗೆ ರಾಜಾದಿತ್ಯ ಎಂಬ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗ ಎಂಬ ಗೌರವ ಈತನಿಗಿದೆ. ಬಾಗೇವಾಡಿಯ ಬಸವಣ್ಣನವರು ಬಾಳಿದ್ದೂ ಅದೇ ಶತಮಾನದಲ್ಲಿ. ಅವರು ಮಂಗಳವೇಡೆಯಲ್ಲಿ ಕರಣಿಕರಾಗಿ, ಎಂದರೆ ಲೆಕ್ಕ ಬರೆಯುವವರಾಗಿ ವೃತ್ತಿ ಆರಂಭಿಸಿ, ಮುಂದೆ ಬಿಜ್ಜಳನ ಭಂಡಾರಿಯಾದರು ಎಂಬುದು ಪರಂಪರೆಯ ಮಾತು. ಆ ಕಾಲದ ಕರಣಿಕ ಕಲಿಯಬೇಕಾಗಿದ್ದ ಲೆಕ್ಕದ ಬಗೆ ಯಾವುದೆಂಬುದನ್ನು ಮಹಾವೀರ, ರಾಜಾದಿತ್ಯರ ಪುಸ್ತಕಗಳಿಂದ ಊಹಿಸಬಹುದು.

‘ಲೀಲಾವತಿ’ಯ ಕರ್ತೃ ಭಾಸ್ಕರಾಚಾರ್ಯನೂ (ಜನನ 1114) ಅದೇ ಕಾಲದವನು. ತಾನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡದವನು ಎಂದು ಆತ ಹೇಳಿಕೊಂಡಿದ್ದಾನೆ. ಹೆಸರಿನ ಹೋಲಿಕೆಯಿಂದ ಅದು ನಮ್ಮ ವಿಜಾಪುರವೇ ಎಂದು ವಾದಿಸುವವರಿದ್ದಾರೆ. ಆದರೆ ವಿಜಾಪುರ ಸಹ್ಯಾದ್ರಿಯಿಂದ ದೂರ. ಜೊತೆಗೆ ಆತನ ಮೊಮ್ಮಗ ಚಾಂಗದೇವನ 1207ರ ಶಾಸನ ದೊರೆತಿರುವುದು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ. ಹೀಗಾಗಿ ಅನೇಕ ವಿದ್ವಾಂಸರ ಒಲವು ಖಾನದೇಶದ ಕಡೆಗಿದೆ. ಈ ಭಾಗದ ಹೆಮ್ಮೆಗೆ ಭಾಸ್ಕರನೇ ಬೇಕೆಂದೇನೂ ಇಲ್ಲ. ಮಹಾವೀರ, ರಾಜಾದಿತ್ಯರು ಸಾಲದೇ?

ಮೂರು ರಾಶಿಯ ಲೆಕ್ಕ

ಫಲನಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಸರಳರೇಖೆಯದು. ಒಂದು ಚೀಲ ಜೋಳಕ್ಕೆ ಇಷ್ಟು ಬೆಲೆಯಾದರೆ ಹತ್ತು ಚೀಲಕ್ಕೆ ಎಷ್ಟು? ನಮ್ಮ ಹಿರಿಯರು ಇದನ್ನು ತ್ರೈರಾಶಿ ಎಂದರು. ಅದರ ಅಂಗಗಳ ಹೆಸರು ಗಮನಿಸಿ: ಪ್ರಮಾಣ, ಫಲ, ಇಚ್ಛೆ. ಪ್ರಮಾಣಕ್ಕೆ ಈ ಫಲವಾದರೆ ಇಚ್ಛೆಗೆ ಎಷ್ಟು ಫಲ ಎಂಬುದೇ ಪ್ರಶ್ನೆ. ಇಂದಿನ ‘ಫಲನ’ ಎಂಬ ಪದ ಕಿವಿಗೆ ಹೊಸದಾದರೂ ಅದರ ಹುರುಳು ಹಳೆಯದು. ಇಂಥ ಸಂಬಂಧವನ್ನು ನಕ್ಷೆಯ ಹಾಳೆಯಲ್ಲಿ ಬರೆದರೆ ನೇರ ಗೆರೆ ಬರುತ್ತದೆ. ಒಂದು ಇಮ್ಮಡಿಯಾದರೆ ಇನ್ನೊಂದೂ ಇಮ್ಮಡಿ.

ಇದರ ತಿರುವುಮುರುವು ವ್ಯಸ್ತ ತ್ರೈರಾಶಿ. ಆಳು ಹೆಚ್ಚಿದಂತೆ ಕೆಲಸದ ದಿನ ಕಡಿಮೆ. ಆರು ಆಳಿಗೆ ಎಂಟು ದಿನವಾದರೆ ಹನ್ನೆರಡು ಆಳಿಗೆ ನಾಲ್ಕು ದಿನ. ಇಲ್ಲಿ ಬದಲಾಗುವ ಪರಿಮಾಣ ಛೇದದಲ್ಲಿ ಕುಳಿತಿರುತ್ತದೆ. ಇಂದಿನ ಗಣಿತ ಇದನ್ನು ಭಾಗಲಬ್ಧ ಫಲನಗಳ ಗುಂಪಿಗೆ ಸೇರಿಸುತ್ತದೆ. ಇದರ ನಕ್ಷೆ ನೇರ ಗೆರೆಯಲ್ಲ. ಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗುವ ಬಾಗು. ಒಬ್ಬ ಆಳಿದ್ದಲ್ಲಿ ಇನ್ನೊಬ್ಬ ಬಂದರೆ ದಿನ ಅರ್ಧಕ್ಕೆ ಇಳಿಯುತ್ತದೆ. ನೂರು ಆಳಿದ್ದಲ್ಲಿ ಇನ್ನೊಬ್ಬ ಬಂದರೆ ಹೆಚ್ಚೇನೂ ಆಗದು.

ಪೇಟೆಯ ವ್ಯವಹಾರಕ್ಕೆ ಇವೆರಡು ಸಾಕಾಗಬಹುದು. ಆದರೆ ನೆಲ ಅಗೆಯಲು ಹೊರಟಾಗ ಸಾಲದು.

ಕೃಷಿ ಹೊಂಡವೆಂಬ ಪಾಠಶಾಲೆ

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಈ ಭಾಗದ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳು ಕಾಣತೊಡಗಿದವು. ಉದಾಹರಣೆಗೆ, ಮೇಲ್ಬಾಯಿ 21 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡ ಎಂದುಕೊಳ್ಳೋಣ. ಬದಿ ಕುಸಿಯದಿರಲು ಇಳಿಜಾರು ಕೊಡಬೇಕು. ಒಂದು ಮೀಟರ್ ಇಳಿದಂತೆ ಪ್ರತಿ ಬದಿಯೂ ಒಂದು ಮೀಟರ್ ಒಳಸರಿಯುತ್ತದೆ ಎಂದಿಟ್ಟುಕೊಂಡರೆ ತಳ 15 ಮೀಟರ್ ಚೌಕವಾಗುತ್ತದೆ.

ಈ ಒಂದೇ ಹೊಂಡದಲ್ಲಿ ಮೂರು ಬಗೆಯ ಫಲನಗಳಿವೆ. ನೀರು ಏರಿದಂತೆ ನೀರಿನ ಬದಿಯ ಉದ್ದ ಏರುತ್ತದೆ. ತಳದಲ್ಲಿ 15, ಒಂದು ಮೀಟರ್ ಏರಿದಾಗ 17, ಎರಡಕ್ಕೆ 19, ಮೂರಕ್ಕೆ 21. ಇದು ಸರಳರೇಖೆ. ನೀರಿನ ಹರವು, ಅಂದರೆ ಬಿಸಿಲಿಗೆ ಒಡ್ಡಿಕೊಂಡ ಮೇಲ್ಮೈ, 225, 289, 361, 441 ಚದರ ಮೀಟರ್ ಎಂದು ಏರುತ್ತದೆ. ಇದು ವರ್ಗ ಫಲನ. ಅದರ ಹೆಜ್ಜೆಗಳು 64, 72, 80. ಹೆಜ್ಜೆಯೇ ದೊಡ್ಡದಾಗುತ್ತ ಹೋಗುತ್ತದೆ. ಇನ್ನು ಹಿಡಿಯುವ ನೀರಿನ ಪ್ರಮಾಣ ಘನ ಫಲನ. ಹೊಂಡ ಪೂರ್ತಿ ತುಂಬಿದರೆ 981 ಘನ ಮೀಟರ್, ಅಂದರೆ ಸುಮಾರು 9.8 ಲಕ್ಷ ಲೀಟರ್. ಅರ್ಧ ಆಳಕ್ಕೆ ತುಂಬಿದರೆ ಅರ್ಧ ನೀರು ಇರಬೇಕಲ್ಲವೇ? ಇಲ್ಲ. ಒಂದೂವರೆ ಮೀಟರಿಗೆ 409.5 ಘನ ಮೀಟರ್ ಮಾತ್ರ. ನೂರಕ್ಕೆ 42ರಷ್ಟೂ ಇಲ್ಲ. ಕೋಲು ಇಳಿಬಿಟ್ಟು ಅರ್ಧ ತೋಯ್ದದ್ದನ್ನು ನೋಡಿ ಅರ್ಧ ನೀರಿದೆ ಎಂದು ಬೆಳೆಯ ಲೆಕ್ಕ ಹಾಕಿದ ರೈತ ಕೊನೆಯ ನೀರಿಗೆ ಪರದಾಡಬೇಕಾಗುತ್ತದೆ.

981 ಎಂಬ ಅಂಕಿ ಬಂದದ್ದು ಹೇಗೆ? ಇಲ್ಲಿಯೇ ಮಹಾವೀರ ನೆರವಿಗೆ ಬರುತ್ತಾನೆ. ಆತನ ಗ್ರಂಥದಲ್ಲಿ ಅಗೆತದ ಲೆಕ್ಕಕ್ಕೇ ಮೀಸಲಾದ ‘ಖಾತ ವ್ಯವಹಾರ’ ಎಂಬ ಅಧ್ಯಾಯವಿದೆ. ಮೇಲೆ ಅಗಲ, ಕೆಳಗೆ ಕಿರಿದಾದ ಹೊಂಡಕ್ಕೆ ಆತ ಎರಡು ಅಂದಾಜುಗಳನ್ನು ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಬದಿಗಳ ಸರಾಸರಿ ತೆಗೆದು, ಅದರ ವರ್ಗವನ್ನು ಆಳದಿಂದ ಗುಣಿಸಿದರೆ ಬರುವುದು ಕರ್ಮಾಂತಿಕ. ನಮ್ಮ ಹೊಂಡಕ್ಕೆ ಸರಾಸರಿ ಬದಿ 18. ಅದರ ವರ್ಗ 324. ಮೂರರಿಂದ ಗುಣಿಸಿದರೆ 972. ಬದಿಗಳ ಬದಲು ಕ್ಷೇತ್ರಫಲಗಳ ಸರಾಸರಿ ತೆಗೆದುಕೊಂಡರೆ ಬರುವುದು ಔಂಡ್ರ. 441 ಮತ್ತು 225ರ ಸರಾಸರಿ 333. ಮೂರರಿಂದ ಗುಣಿಸಿದರೆ 999. ಒಂದು ನಿಜಕ್ಕಿಂತ ಕಡಿಮೆ, ಇನ್ನೊಂದು ಹೆಚ್ಚು. ಎರಡರ ವ್ಯತ್ಯಾಸ 27. ಅದರ ಮೂರನೆಯ ಒಂದು ಪಾಲು 9ನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ 981. ಇದು ಸೂಕ್ಷ್ಮ ಫಲ, ಅಂದರೆ ನಿಖರ ಉತ್ತರ. ಇಂದಿನ ಎಂಜಿನಿಯರ್ ತನ್ನ ಸೂತ್ರದಿಂದ ಲೆಕ್ಕ ಹಾಕಿದರೂ ಇದೇ 981 ಬರುತ್ತದೆ. ಈ ನಿಯಮ ಮಹಾವೀರನಿಗಿಂತ ಎರಡು ಶತಮಾನ ಹಿಂದಿನ ಬ್ರಹ್ಮಗುಪ್ತನಲ್ಲಿಯೂ ಇದೆ.

ಅಗೆದವನಿಗೆ ಕೂಲಿ ಕೊಡುವುದು ತೆಗೆದ ಮಣ್ಣಿನ ಲೆಕ್ಕದ ಮೇಲೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ತಿದ್ದುಪಡಿಯ ಬೆಲೆ ತಿಳಿಯುತ್ತದೆ. ಕರ್ಮಾಂತಿಕದಿಂದ ಅಳೆದರೆ ಕೂಲಿಕಾರನಿಗೆ ನಷ್ಟ, ಔಂಡ್ರದಿಂದ ಅಳೆದರೆ ಧಣಿಗೆ ನಷ್ಟ. ನ್ಯಾಯ ಇದ್ದದ್ದು ಆ ಮೂರನೆಯ ಒಂದು ಪಾಲಿನಲ್ಲಿ.

ಇದೇ ಹೊಂಡದ ನೀರನ್ನು ಸೆಕೆಂಡಿಗೆ 5 ಲೀಟರ್ ಎತ್ತುವ ಪಂಪಿನಿಂದ ಖಾಲಿ ಮಾಡಲು ಸುಮಾರು 54 ಗಂಟೆ ಬೇಕು; ಅಂಥ ಎರಡು ಪಂಪು ಇದ್ದರೆ 27 ಗಂಟೆ. ಇದು ಮತ್ತೆ ಆಳು–ದಿನಗಳ ಲೆಕ್ಕ.

ಮೂಲದ ಮಹಿಮೆ

ಇನ್ನೊಂದು ಬಗೆ ಉಳಿಯಿತು. ಮಹಾವೀರನಿಗೆ ವರ್ಗಮೂಲದ ಸಮಸ್ಯೆಗಳೆಂದರೆ ಬಲು ಪ್ರೀತಿ. ಒಂಟೆಗಳ ಹಿಂಡೊಂದರ ಕಾಲು ಭಾಗ ಕಾಡಿನಲ್ಲಿ, ಇಡೀ ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ, ಉಳಿದ ಹದಿನೈದು ನದೀತೀರದಲ್ಲಿ ಇದ್ದರೆ ಒಟ್ಟು ಎಷ್ಟು ಎಂಬರ್ಥದ ಲೆಕ್ಕ ಪ್ರಸಿದ್ಧವಾಗಿದೆ. ಉತ್ತರ 36. ಒಂಬತ್ತು, ಹನ್ನೆರಡು, ಹದಿನೈದು ಕೂಡಿಸಿ ನೋಡಿ. ಒಂಟೆಗಳು ಹೀಗೆ ವರ್ಗಮೂಲದ ಪ್ರಕಾರ ಚದುರುವುದಿಲ್ಲ ನಿಜ. ಇದು ಕಲಿಯುವವರ ಕೈ ಪಳಗಿಸಲು ಮಾಡಿದ ಲೆಕ್ಕ.

ಆದರೆ ನೀರು ನಿಜವಾಗಿಯೂ ವರ್ಗಮೂಲದ ಮಾತು ಕೇಳುತ್ತದೆ. ತೊಟ್ಟಿಯ ತೂತಿನಿಂದ ಚಿಮ್ಮುವ ನೀರಿನ ವೇಗ, ತೂತಿನ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಇಟಲಿಯ ಟೊರಿಚೆಲ್ಲಿ 1640ರ ದಶಕದಲ್ಲಿ ತೋರಿಸಿದ. ವಿಜಾಪುರದಲ್ಲಿ ಮೊಹಮ್ಮದ್ ಆದಿಲ್ ಶಾಹಿ ಆಳುತ್ತಿದ್ದ ಕಾಲ ಅದು. ಎತ್ತರ ನಾಲ್ಕು ಪಟ್ಟಾದರೆ ವೇಗ ಎರಡೇ ಪಟ್ಟು. ನಾಲ್ಕು ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಸುಮಾರು 8.9 ಮೀಟರ್ ವೇಗವಿದ್ದರೆ ಹದಿನಾರು ಮೀಟರಿಗೆ ಸುಮಾರು 17.7 ಮೀಟರ್. ಅಣೆಕಟ್ಟಿನ ಗೇಟನ್ನು ಅಲ್ಪಸ್ವಲ್ಪ ತೆರೆದಾಗ ಅದರಡಿ ನುಗ್ಗುವ ನೀರಿನ ಲೆಕ್ಕ ಬಹುಮಟ್ಟಿಗೆ ಹೀಗೆಯೇ. ಗೇಟನ್ನು ಪೂರ್ತಿ ಎತ್ತಿ ನೀರು ಕಟ್ಟೆಯ ಮೇಲೆ ಹರಿಯಲು ಬಿಟ್ಟಾಗ ನಿಯಮ ಬದಲಾಗುತ್ತದೆ. ಆಗ ಹರಿವು, ಕಟ್ಟೆಯ ಮೇಲಿನ ನೀರಿನ ಎತ್ತರವನ್ನು ಅದರ ವರ್ಗಮೂಲದಿಂದ ಗುಣಿಸಿದಷ್ಟಕ್ಕೆ ಅನುಗುಣ. ಎತ್ತರ ನಾಲ್ಕು ಪಟ್ಟಾದರೆ ಹರಿವು ಎಂಟು ಪಟ್ಟು. ಆಲಮಟ್ಟಿಯ 26 ಗೇಟುಗಳನ್ನು ಎಷ್ಟು ಎತ್ತಬೇಕು ಎಂದು ಮಳೆಗಾಲದಲ್ಲಿ ತೀರ್ಮಾನಿಸುವಾಗ ಇಂಥ ಸೂತ್ರಗಳೇ ಆಧಾರ.

ಋಣಸಂಖ್ಯೆ ಸ್ವಭಾವತಃ ಯಾವ ಸಂಖ್ಯೆಯ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದು ಮಹಾವೀರ ಸ್ಪಷ್ಟವಾಗಿ ಹೇಳಿದ್ದ. ಯುರೋಪಿನ ಗಣಿತಜ್ಞರು ಋಣಸಂಖ್ಯೆಗೂ ಒಂದು ಕಾಲ್ಪನಿಕ ಮೂಲವನ್ನು ಒಪ್ಪಿಕೊಂಡದ್ದು ಬಹಳ ಮುಂದೆ. ಆದರೆ ತೊಟ್ಟಿಯ ಮಟ್ಟಿಗೆ ಮಹಾವೀರನ ಮಾತೇ ಸರಿ. ನೀರು ತೂತಿಗಿಂತ ಕೆಳಗಿಳಿದರೆ ಎತ್ತರ ಋಣವಾಗುತ್ತದೆ, ಸೂತ್ರ ಮೌನವಾಗುತ್ತದೆ, ನೀರೂ ನಿಲ್ಲುತ್ತದೆ. ಪ್ರತಿಯೊಂದು ಸೂತ್ರಕ್ಕೂ ಅದು ಅನ್ವಯವಾಗುವ ಒಂದು ಸೀಮೆ ಇದೆ ಎಂಬ ಪಾಠ ಇದು.

ಈ ಬಗೆಗಳನ್ನೆಲ್ಲ ಒಂದೇ ಕುಟುಂಬವೆಂದು ಗುರುತಿಸಿ ವಿಂಗಡಿಸಿದವನು ಸ್ವಿಟ್ಜರ್‌ಲೆಂಡಿನ ಆಯ್ಲರ್. 1748ರ ತನ್ನ ಗ್ರಂಥದಲ್ಲಿ ಆತ ಫಲನಗಳನ್ನು ಬೀಜಗಣಿತದವು ಮತ್ತು ಅದನ್ನು ಮೀರಿದವು ಎಂದು ಎರಡಾಗಿ ಮಾಡಿ, ಬೀಜಗಣಿತದವುಗಳಲ್ಲಿ ಮೂಲ ಇರುವವು, ಇಲ್ಲದವು, ಛೇದ ಇರುವವು, ಇಲ್ಲದವು ಎಂದು ಮನೆತನ ಬಿಡಿಸಿದ. ವರ್ಷ ಕಳೆದಂತೆ ಚಕ್ರಬಡ್ಡಿ ಬೆಳೆಯುವ ರೀತಿ, ಅಲೆಯ ಏರಿಳಿತ ಇವು ಬೀಜಗಣಿತದ ಆಚೆಯ ಮನೆತನಕ್ಕೆ ಸೇರಿದವು. ನಮ್ಮ ಗಣಿತಜ್ಞರು ಲೆಕ್ಕದ ನಿಯಮಗಳನ್ನು ಕೊಟ್ಟಿದ್ದರು. ಆಯ್ಲರ್ ನಿಯಮಗಳನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿದ.

ಮೂರಾಳು ಎತ್ತರದ ಬೆಲೆ

ಈಗ ಆಲಮಟ್ಟಿಗೆ ಬರೋಣ. 1964ರ ಮೇ 22ರಂದು, ಪ್ರಧಾನಿಯಾಗುವ ಕೆಲವೇ ದಿನಗಳ ಮೊದಲು, ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಇಲ್ಲಿ ಶಂಕುಸ್ಥಾಪನೆ ಮಾಡಿದರು. ಜಲಾಶಯಕ್ಕೆ ಅವರದೇ ಹೆಸರು. ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ 519.6 ಮೀಟರಿಗೆ ಒಪ್ಪಿಗೆ ನೀಡಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದರು. 2010ರ ಡಿಸೆಂಬರ್ 30ರಂದು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಅನುಮತಿ ಕೊಟ್ಟಿತು. ಅದರ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸುವುದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಿತ್ತು.

519.6 ಮೀಟರಿನಲ್ಲಿ ಜಲಾಶಯ ಹಿಡಿಯುವ ನೀರು 123 ಟಿಎಂಸಿ ಅಡಿ. ಅಣೆಕಟ್ಟಿನ ಎತ್ತರ ಸುಮಾರು 52 ಮೀಟರ್. ಇನ್ನು 4.656 ಮೀಟರ್ ಏರಿಸಿದರೆ ಎಷ್ಟು ನೀರು ಹೆಚ್ಚುತ್ತದೆ? ತ್ರೈರಾಶಿ ಹಿಡಿದವನು, ಎತ್ತರ ನೂರಕ್ಕೆ 9ರಷ್ಟು ಏರಿದೆ, ಆದ್ದರಿಂದ ನೀರೂ ನೂರಕ್ಕೆ 9, ಅಂದರೆ 11 ಟಿಎಂಸಿ ಎನ್ನುತ್ತಾನೆ. ಘನ ಫಲನ ಬಲ್ಲವನು, ಜಲಾಶಯವನ್ನು ತಲೆಕೆಳಗಾದ ಗೋಪುರವೆಂದು ಭಾವಿಸಿ, ಸುಮಾರು 36 ಎನ್ನುತ್ತಾನೆ. ನಿಜವಾದ ಹೆಚ್ಚಳ 100 ಟಿಎಂಸಿಗೂ ಮೀರಿದ್ದು! ಮೊದಲನೆಯವನಿಗೆ ಫಲನದ ಬಗೆಯೇ ತಪ್ಪಿದೆ. ಎರಡನೆಯವನಿಗೆ ಬಗೆ ಹತ್ತಿರವಾದರೂ ನೆಲದ ಪರಿಚಯ ಇಲ್ಲ. ಅಣೆಕಟ್ಟಿನ ಎತ್ತರವನ್ನು ಅಳೆಯುವುದು ಪಾಯದಿಂದ. ನೀರು ನಿಲ್ಲುವುದು ಅದಕ್ಕಿಂತ ಮೇಲಿನ ನದೀತಳದಿಂದ. ಅದಕ್ಕಿಂತ ಮುಖ್ಯವಾಗಿ, ಕೃಷ್ಣೆ, ಘಟಪ್ರಭೆಯರ ದಂಡೆ ದಾಟಿದರೆ ಇಲ್ಲಿ ಬೆಟ್ಟದ ಗೋಡೆಯಿಲ್ಲ, ಬಯಲಿದೆ. ನೀರು ಮೇಲೇರಿದಂತೆ ಬದಿಗೆ ಹರಡುತ್ತದೆ.

ಹಾಗಾಗಿ ಎಂಜಿನಿಯರುಗಳು ಯಾವ ಸಿದ್ಧ ಆಕೃತಿಯನ್ನೂ ನಂಬುವುದಿಲ್ಲ. ಭೂಮಾಪನ ಮಾಡಿ, ಸಮಾನ ಎತ್ತರದ ಗೆರೆಗಳನ್ನು ನಕ್ಷೆಯಲ್ಲಿ ಎಳೆದು, ಪ್ರತಿ ಮಟ್ಟದಲ್ಲಿ ನೀರು ಎಷ್ಟು ಹರಡುತ್ತದೆಂದು ಅಳೆಯುತ್ತಾರೆ. ಎರಡು ಮಟ್ಟಗಳ ನಡುವಿನ ಪ್ರತಿ ಪದರವೂ ಮೇಲೆ ಅಗಲ, ಕೆಳಗೆ ಕಿರಿದಾದ ಒಂದೊಂದು ಹೊಂಡ. ಅವುಗಳ ಗಾತ್ರವನ್ನು ಹೆಚ್ಚುಕಡಿಮೆ ಮಹಾವೀರನ ಖಾತ ವ್ಯವಹಾರದ ರೀತಿಯಲ್ಲಿಯೇ ತೆಗೆದು ಒಂದರ ಮೇಲೊಂದು ಕೂಡಿಸುತ್ತಾರೆ. ಬಂದ ಅಂಕಿಗಳಿಗೆ ಹೊಂದುವಂತೆ ಒಂದು ಬಹುಪದಿ ಫಲನವನ್ನು ಹೊಂದಿಸಿದರೆ ಜಲಾಶಯದ ಗಣಿತ ಮಾದರಿ ಸಿದ್ಧ. ಅಳತೆ, ಆಕಾರ, ಮತ್ತೆ ಅಳತೆಯಿಂದ ಪರೀಕ್ಷೆ. ಮಾದರಿ ಕಟ್ಟುವ ಕ್ರಮ ಇಷ್ಟೇ.

ನೀರಿನ ಲೆಕ್ಕದ ಮಗ್ಗುಲಲ್ಲಿ ನೆಲದ ಲೆಕ್ಕವಿದೆ. 100 ಟಿಎಂಸಿ ಎಂದರೆ ಸುಮಾರು 283 ಕೋಟಿ ಘನ ಮೀಟರ್. ಅದನ್ನು 4.656 ಮೀಟರಿನಿಂದ ಭಾಗಿಸಿದರೆ 608 ಚದರ ಕಿಲೋಮೀಟರ್. ಅಂದರೆ ಆ ಮೂರಾಳು ಎತ್ತರದ ಪದರಕ್ಕೆ ಸರಾಸರಿ 600 ಚದರ ಕಿ.ಮೀ.ಗೂ ಹೆಚ್ಚು ಹರವು ಬೇಕು. ಅದರಲ್ಲಿ ಹೊಸದಾಗಿ ಮುಳುಗುವ ಭೂಮಿ 75 ಸಾವಿರ ಎಕರೆಗೂ ಅಧಿಕ ಎಂಬುದು ಸರ್ಕಾರದ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಹಳೆಯ ಬಾಗಲಕೋಟೆಯ ಒಂದು ಭಾಗ 519.6 ಮೀಟರಿಗೇ ನೀರಿಗೆ ಹೋದದ್ದನ್ನು ಕಂಡ ಜನಕ್ಕೆ ಮುಂದಿನ ಪ್ರತಿ ಮೀಟರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಇತ್ತ ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಣ ಹೊಲಗಳಿಗೆ ಅದೇ ಮೀಟರು ಕಾಲುವೆಯ ನೀರು.

ಅತ್ತ ಮಹಾರಾಷ್ಟ್ರದ ಆತಂಕ ಬೇರೆ. 2005 ಮತ್ತು 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಪ್ರದೇಶ ಜಲಾವೃತವಾದಾಗ ಆಲಮಟ್ಟಿಯ ಹಿನ್ನೀರಿನ ಮೇಲೆ ಬೆರಳು ತೋರಿಸಲಾಯಿತು. ಆ ರಾಜ್ಯವೇ ನೇಮಿಸಿದ ನಂದಕುಮಾರ ವಡ್ನೆರೆ ಸಮಿತಿ 2020ರಲ್ಲಿ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಆದರೂ ಎತ್ತರ ಏರಿಸುವುದಕ್ಕೆ ವಿರೋಧ ನಿಂತಿಲ್ಲ. ಒಂದು ಮಾದರಿಯನ್ನು ಒಪ್ಪಿಸಬೇಕಾದರೆ ಅದರ ಅಳತೆಗಳು ಎರಡೂ ದಂಡೆಯವರಿಗೆ ತೆರೆದಿರಬೇಕು.

ಮಾದರಿಗೂ ಮುಪ್ಪಿದೆ

ಇನ್ನೊಂದು ಮಾತು. ನೆಲ ಬದಲಾದರೆ ಫಲನವೂ ಬದಲಾಗಬೇಕು. 1953ರಲ್ಲಿ ನೀರು ಹಿಡಿಯಲಾರಂಭಿಸಿದಾಗ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದು ಈಗಿನ ಲೆಕ್ಕದಲ್ಲಿ 105.788 ಟಿಎಂಸಿಗೆ ಇಳಿದಿದೆ. ಅಣೆಕಟ್ಟು ಅದೇ, ಎತ್ತರ ಅದೇ, ಆದರೆ ಎತ್ತರದಿಂದ ನೀರನ್ನು ಹೇಳುವ ನಿಯಮ ಹಳತಾಯಿತು. ಹಳೆಯ ಪಟ್ಟಿಯನ್ನೇ ನಂಬಿ ಕಾಲುವೆಗೆ ನೀರು ಹಂಚಿದರೆ ಕೊನೆಯ ಹೊಲದ ರೈತನಿಗೆ ಸಿಗುವುದು ಕಾಗದದ ಮೇಲಿನ ನೀರು. ಅದಕ್ಕಾಗಿಯೇ ಜಲಾಶಯಗಳನ್ನು ಕಾಲಕಾಲಕ್ಕೆ ಮರು ಅಳತೆ ಮಾಡುತ್ತಾರೆ.

ಹನ್ನೊಂದು ಶತಮಾನಗಳ ಹಿಂದೆ ಮಳಖೇಡದಲ್ಲಿ ಕುಳಿತು ಮಹಾವೀರ ಒಂದೇ ಹೊಂಡಕ್ಕೆ ಮೂರು ಉತ್ತರ ಬರೆದ: ಒರಟಾದದ್ದು, ಅದಕ್ಕೆದುರಾಗಿ ಇನ್ನೊಂದು, ಕೊನೆಗೆ ಸೂಕ್ಷ್ಮವಾದದ್ದು. ಒರಟು ಉತ್ತರಗಳನ್ನು ಆತ ಅಳಿಸಿಹಾಕಲಿಲ್ಲ. ಅವುಗಳ ನಡುವಿನ ಅಂತರದಿಂದಲೇ ಸರಿಯಾದುದನ್ನು ತೆಗೆದ. ಆಲಮಟ್ಟಿಯ ಎತ್ತರದ ಬಗ್ಗೆ ಮುಂದೆ ಯಾರೇ ಅಂಕಿ ಹೇಳಿದರೂ, ಅದು ಯಾವ ಅಳತೆಯಿಂದ ಬಂತು, ಯಾವ ನಿಯಮದಿಂದ ಬಂತು, ಅಳತೆ ಯಾವ ವರ್ಷದ್ದು ಎಂಬ ಮೂರು ಪ್ರಶ್ನೆ ಕೇಳುವ ಹಕ್ಕು ಹೊಲ ಕೊಡುವವನಿಗೂ ಇದೆ, ನೀರು ಪಡೆಯುವವನಿಗೂ ಇದೆ.